ಒಡೆಯನಿಲ್ಲದ ಹರಟೆಕಟ್ಟೆ

ರೇಡಿಯೋದಲ್ಲಿ ಒಂದು ಭಾಷಣ ಪ್ರಸಾರವಾಗಬೇಕಾದರೆ ಅದು ಮೊದಲು ಕೆಲವರ ಕೈದಾಟಿ ಬರುತ್ತದೆ. ನಿಲಯದವರು ಹಸ್ತಪ್ರತಿಯನ್ನು ಓದುತ್ತಾರೆ, ಉದ್ದವಾಗಿದ್ದರೆ ಮೊಟಕುಗೊಳಿಸುತ್ತಾರೆ, ಹುರುಳಿಲ್ಲದಿದ್ದರೆ ಸೌಜನ್ಯದಿಂದಲೇ ಹಿಂದಕ್ಕೆ ಕಳುಹಿಸುತ್ತಾರೆ. ಪತ್ರಿಕೆಗೆ ಸಂಪಾದಕರಿದ್ದಾರೆ, ಸಭೆಗೆ ಅಧ್ಯಕ್ಷರಿದ್ದಾರೆ. ಮನೆಯಲ್ಲಿ ಕುಳಿತು ಕೇಳುವವರ, ಓದುವವರ ಹೊತ್ತು ವ್ಯರ್ಥವಾಗದಂತೆ ನೋಡಿಕೊಳ್ಳುವ ಹೊಣೆ ಅವರದು. ಆದರೆ ಸಂಪಾದಕರಿಲ್ಲದ, ಅಧ್ಯಕ್ಷರಿಲ್ಲದ, ಯಾರ ಸ್ವತ್ತೂ ಅಲ್ಲದ ಒಂದು ಕಟ್ಟೆಯ ಮೇಲೆ ಲಕ್ಷಾಂತರ ಜನ ಒಟ್ಟಿಗೆ ಮಾತಿಗೆ ತೊಡಗಿದರೆ ಏನು ಗತಿ? ಅಲ್ಲಿ ಕಾಳನ್ನೂ ಜೊಳ್ಳನ್ನೂ ಬೇರೆ ಮಾಡತಕ್ಕವರು ಯಾರು? ಹಾಗೆ ಬೇರೆ ಮಾಡುವ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು?

ಇದು ಬರಿಯ ತರ್ಕಕ್ಕಾಗಿ ಹೂಡಿದ ಪ್ರಶ್ನೆಯಲ್ಲ. ಇಂದು ಜನ ತಮ್ಮ ಕೈಯಲ್ಲಿರುವ ಫೋನಿನಲ್ಲಿ ಬರೆದು ಓದುವ ಜಾಲತಾಣಗಳಲ್ಲಿ ಹೆಚ್ಚಿನವು ಒಂದೊಂದು ಕಂಪನಿಯ ಸ್ವತ್ತು; ಅಲ್ಲಿ ಕಂಪನಿ ಹೇಳಿದ್ದೇ ಶಾಸನ. ಇವುಗಳ ನಡುವೆ, ಯಾರೊಬ್ಬರ ಅಂಕೆಗೂ ಒಳಪಡದೆ, ಸಾವಿರಾರು ಸಣ್ಣ ಮನೆಗಳು ಸೇರಿ ಒಂದು ಊರಾದಂತೆ ಇರುವ ವಿಕೇಂದ್ರಿತ ಜಾಲಗಳೂ ಇವೆ. ಒಡೆಯನಿಲ್ಲವೆಂಬುದೇ ಅವುಗಳ ಹಿರಿಮೆ. ಒಡೆಯನಿಲ್ಲವೆಂಬುದೇ ಅವುಗಳ ಕಷ್ಟ. ಹುರುಳಿಲ್ಲದ ಬರಹ ಬಂದು ರಾಶಿ ಬಿದ್ದರೆ ದೂರು ಕೊಡುವುದು ಯಾರಿಗೆ? ಈ ಕಷ್ಟಕ್ಕೆ 40 ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸದ ಮೊದಲ ಅಧ್ಯಾಯದ ಹೆಸರು ಯೂಸ್‌ನೆಟ್.

1979ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಎಂಬ ಇಬ್ಬರು ಉನ್ನತ ವ್ಯಾಸಂಗದ ವಿದ್ಯಾರ್ಥಿಗಳಿದ್ದರು. ಆ ಕಾಲಕ್ಕೆ ಕಂಪ್ಯೂಟರುಗಳನ್ನು ದೂರದೂರಕ್ಕೆ ಜೋಡಿಸುವ ಒಂದು ಜಾಲ ಆ ದೇಶದಲ್ಲಿ ಆಗಲೇ ಇತ್ತು. ಆದರೆ ಅದು ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿದ್ದ ಜಾಲ. ಎಲ್ಲ ವಿದ್ಯಾಲಯಗಳಿಗೂ ಅದರ ಬಾಗಿಲು ತೆರೆದಿರಲಿಲ್ಲ. ಬಾಗಿಲ ಹೊರಗೆ ನಿಂತ ಈ ತರುಣರು ಬಡವರ ಜಾಲವೊಂದನ್ನು ತಾವೇ ಕಟ್ಟಬೇಕೆಂದು ಹೊರಟರು. ನೆರೆಯ ಚಾಪೆಲ್ ಹಿಲ್ ವಿಶ್ವವಿದ್ಯಾನಿಲಯದ ಸ್ಟೀವ್ ಬೆಲ್ಲೋವಿನ್ ಎಂಬ ವಿದ್ಯಾರ್ಥಿ ಅದಕ್ಕೆ ಬೇಕಾದ ಮೊದಲ ಪ್ರೋಗ್ರಾಮನ್ನು ಬರೆದುಕೊಟ್ಟ. 1980ರ ಜನವರಿಯಲ್ಲಿ ಕೊಲರಾಡೋ ಸಂಸ್ಥಾನದ ಬೌಲ್ಡರ್ ನಗರದಲ್ಲಿ ಸೇರಿದ ಒಂದು ಸಮ್ಮೇಳನದಲ್ಲಿ, ಆಸಕ್ತರೆಲ್ಲ ಬಂದು ಸೇರಬಹುದೆಂಬ ಕರೆಯೋಲೆಯನ್ನು ಹಂಚಿದರು. ದಿನಕ್ಕೆ ಒಂದೆರಡು ಬರಹಗಳು ಬಂದಾವೆಂಬುದು ಅವರ ಅಂದಾಜು.

ಈ ಜಾಲದ ರೀತಿ ಬಹಳ ಸರಳ. ರಾತ್ರಿ ಟೆಲಿಫೋನಿನ ದರ ಇಳಿದ ಮೇಲೆ ಒಂದು ಕಂಪ್ಯೂಟರು ಇನ್ನೊಂದಕ್ಕೆ ಕರೆ ಮಾಡುತ್ತದೆ. ನಿನ್ನಲ್ಲಿಲ್ಲದ ಹೊಸ ಬರಹ ನನ್ನಲ್ಲಿದ್ದರೆ ತೆಗೆದುಕೋ, ನನ್ನಲ್ಲಿಲ್ಲದ್ದು ನಿನ್ನಲ್ಲಿದ್ದರೆ ಕೊಡು ಎನ್ನುತ್ತದೆ. ಎರಡನೆಯದು ಮೂರನೆಯದಕ್ಕೆ, ಮೂರನೆಯದು ನಾಲ್ಕನೆಯದಕ್ಕೆ. ಹೀಗೆ ಮನೆಯಿಂದ ಮನೆಗೆ ಸುದ್ದಿ ದಾಟಿದಂತೆ ಒಬ್ಬ ಬರೆದದ್ದು ಕೆಲವು ದಿನಗಳಲ್ಲಿ ಎಲ್ಲರಲ್ಲಿಯೂ ಪ್ರತಿಯಾಗುತ್ತಿತ್ತು. ಬರಹಗಳನ್ನು ವಿಷಯಕ್ಕೊಂದು ಗುಂಪಿನಂತೆ ವಿಂಗಡಿಸಿದ್ದರು. ಗಣಿತಕ್ಕೆ ಒಂದು ಗುಂಪು, ಅಡುಗೆಗೆ ಒಂದು, ಚದುರಂಗಕ್ಕೆ ಒಂದು. ಎಲ್ಲಿಯೂ ಒಂದು ಮುಖ್ಯ ಕಚೇರಿ ಇರಲಿಲ್ಲ. ಇದ್ದದ್ದು ನೆರೆಹೊರೆ ಮಾತ್ರ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಮುಂದಿನ ಕಥೆಗೆಲ್ಲ ಅದೇ ಬೀಜ. ಆಗಿನ ಟೆಲಿಫೋನ್ ಸಲಕರಣೆಗಳು ಸೆಕೆಂಡಿಗೆ ಸುಮಾರು 30 ಅಕ್ಷರಗಳನ್ನು ಸಾಗಿಸುತ್ತಿದ್ದವು. 60 ಅಕ್ಷರಗಳ 30 ಸಾಲು ಬರೆದರೆ ಅದು ಒಂದು ಮನೆಯಿಂದ ಇನ್ನೊಂದಕ್ಕೆ ದಾಟಲು ಒಂದು ಪೂರ್ತಿ ನಿಮಿಷ ಬೇಕು. ಬರೆಯುವವನಿಗೆ ಇದರ ಖರ್ಚು ತಟ್ಟುತ್ತಿರಲಿಲ್ಲ. ಆ ಬರಹವನ್ನು ಹೊತ್ತು ಸಾಗಿಸುವ ನೂರಾರು ಸಂಸ್ಥೆಗಳು ಟೆಲಿಫೋನ್ ಬಿಲ್ಲು ಕಟ್ಟುತ್ತಿದ್ದವು. ಅದನ್ನು ಓದುವ ಸಾವಿರಾರು ಜನ ತಮ್ಮ ಹೊತ್ತನ್ನು ಕೊಡುತ್ತಿದ್ದರು. ಒಬ್ಬನು ಉಂಡ ಊಟಕ್ಕೆ ಊರೆಲ್ಲ ಹಣ ತೆತ್ತಂತೆ. ಆಡುವವನಿಗೆ ಮಾತು ಪುಕ್ಕಟೆ, ಕೇಳುವವರಿಗೆ ದುಬಾರಿ. ಜೊಳ್ಳು ಬೆಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಹೊಲ ಬೇಕೆ?

ಆ ಕಟ್ಟೆಯ ಹಿರಿಯರು ಮೊದಲು ಕಂಡುಕೊಂಡ ಉಪಾಯ ನಡವಳಿಕೆಯನ್ನು ಕಲಿಸುವುದು. ಚಕ್ ವಾನ್ ರೋಸ್‌ಪಾಕ್ ಎಂಬವರು ಹೊಸಬರಿಗಾಗಿ ಒಂದು ಬಾಲಬೋಧೆಯನ್ನು ಬರೆದರು. ಕಂಪ್ಯೂಟರಿನ ಆಚೆ ಇರುವವರು ಮನುಷ್ಯರೆಂಬುದನ್ನು ಮರೆಯಬೇಡಿ, ಚಿಕ್ಕದಾಗಿ ಬರೆಯಿರಿ, ಬೇರೆಯವರು ಆಗಲೇ ಹೇಳಿದ್ದನ್ನು ಮತ್ತೆ ಹೇಳಬೇಡಿ, ಒಬ್ಬರಿಗೆ ಹೇಳಬೇಕಾದ್ದನ್ನು ಅವರಿಗೇ ಕಾಗದ ಬರೆದು ತಿಳಿಸಿ, ಸಭೆಯಲ್ಲಿ ಕೂಗಬೇಡಿ, ಇದೇ ಅದರ ಸಾರ. ಬ್ರಾಡ್ ಟೆಂಪಲ್‌ಟನ್ ಎಂಬವರು ಇದನ್ನೇ ವ್ಯಂಗ್ಯವಾಗಿ ಬರೆದು, ಮಾಡಬಾರದ್ದನ್ನೆಲ್ಲ ಮಾಡಿರೆಂದು ಬೋಧಿಸುವ ಒಂದು ಪಾತ್ರವನ್ನು ಸೃಷ್ಟಿಸಿದರು. ನಕ್ಕು ಕಲಿತವರು ಬೇಗ ಮರೆಯುವುದಿಲ್ಲ. ಹೆಸರಿನ ಕೆಳಗೆ ಹಾಕುವ ಒಕ್ಕಣೆ 4 ಸಾಲು ಮೀರಬಾರದೆಂಬ ರೂಢಿಯೂ ಬೆಳೆಯಿತು. ಬರಹವನ್ನು ಕಳುಹಿಸುವ ಮುನ್ನ, ಇದು ಸಾವಿರಾರು ಯಂತ್ರಗಳಿಗೆ ಹೋಗುತ್ತದೆ, ಇದಕ್ಕೆ ಇಷ್ಟು ಹಣ ವೆಚ್ಚವಾಗುತ್ತದೆ, ನಿಶ್ಚಯವಾಗಿಯೂ ಕಳುಹಿಸಬೇಕೆ ಎಂದು ಕೇಳುವ ಪ್ರೋಗ್ರಾಮೂ ಬಂದಿತು. ಆಡುವ ಮುನ್ನ ಒಂದು ಗಳಿಗೆ ತಡೆದು ಯೋಚಿಸು ಎಂದು ಮನೆಯ ಹಿರಿಯರು ಹೇಳುವ ಮಾತನ್ನೇ ಯಂತ್ರದ ಬಾಯಲ್ಲಿ ಹೇಳಿಸಿದರು.

ಇನ್ನೊಂದು ಉಪಾಯ ನನ್ನಂಥ ಶಾಲಾ ಮಾಸ್ತರರಿಗೆ ಹೆಚ್ಚು ಮೆಚ್ಚಿಕೆಯಾಗತಕ್ಕದ್ದು. ಬರಹಗಳನ್ನು ಕೂಡಿಡಲು ಆಗಿನ ಯಂತ್ರಗಳಲ್ಲಿ ಸ್ಥಳ ಸಾಲದು. ಆದಕಾರಣ ಕೆಲವು ದಿನ ಅಥವಾ ವಾರಗಳಾದ ಮೇಲೆ ಹಳೆಯವು ತಾವಾಗಿ ಅಳಿದುಹೋಗುತ್ತಿದ್ದವು. ಹೀಗಾಗಿ ಹೊಸದಾಗಿ ಬಂದವನಿಗೆ ತನ್ನ ಪ್ರಶ್ನೆಗೆ ಹಿಂದೆ ಹತ್ತು ಬಾರಿ ಉತ್ತರ ಬಂದಿದೆಯೆಂಬುದೇ ತಿಳಿಯದು. ಅವನು ಹನ್ನೊಂದನೆಯ ಬಾರಿ ಕೇಳುತ್ತಾನೆ. ಅದು ಅವನ ತಪ್ಪಲ್ಲ. ಆದ್ದರಿಂದ ಪ್ರತಿ ಗುಂಪಿನಲ್ಲಿಯೂ ಯಾರಾದರೊಬ್ಬರು, ಸಂಬಳವಿಲ್ಲದೆ, ಪದೇ ಪದೇ ಬರುವ ಪ್ರಶ್ನೆಗಳನ್ನೂ ಉತ್ತರಗಳನ್ನೂ ಒಂದು ಪಟ್ಟಿಯಾಗಿ ಬರೆದು, ತಿಂಗಳಿಗೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಮತ್ತೆ ಮತ್ತೆ ಪ್ರಕಟಿಸತೊಡಗಿದರು. ಇಂದು ಬ್ಯಾಂಕು, ರೈಲ್ವೆ, ವಿದ್ಯುತ್ ಇಲಾಖೆಗಳ ಜಾಲತಾಣಗಳಲ್ಲಿ ಎಫ್.ಎ.ಕ್ಯೂ. ಎಂಬ ಶೀರ್ಷಿಕೆಯಡಿ ನಾವು ಕಾಣುವ ಪ್ರಶ್ನೋತ್ತರಗಳಿಗೆ ಈ ಬಗೆಯ ಪಟ್ಟಿಗಳೇ ಪೂರ್ವಿಕರು. ಪೆದ್ದು ಪ್ರಶ್ನೆ ಕೇಳಿದವನನ್ನು ಗದರಿಸುವುದಕ್ಕಿಂತ ಉತ್ತರವನ್ನು ಅವನ ಕೈಗೆಟುಕುವ ಗೂಟಕ್ಕೆ ತೂಗುಹಾಕುವುದು ಮೇಲು.

ಇಷ್ಟಾದರೂ ಉಪದೇಶಕ್ಕೆ ಬಗ್ಗದವರಿರುತ್ತಾರೆ. ಅವರಿಗಾಗಿ 1984ರಲ್ಲಿ ಲ್ಯಾರಿ ವಾಲ್ ಎಂಬ ಪ್ರೋಗ್ರಾಮುಕಾರರು ತಾವು ರಚಿಸಿದ ಓದುವ ಸಾಧನದಲ್ಲಿ ಒಂದು ಅನುಕೂಲವನ್ನು ಇಟ್ಟರು. ಯಾವನ ಬರಹ ನಿಮಗೆ ಬೇಡವೋ ಅವನ ಹೆಸರನ್ನು, ಯಾವ ವಿಷಯ ಬೇಡವೋ ಆ ಶೀರ್ಷಿಕೆಯನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟರೆ ಅವು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಕಿಲ್ ಫೈಲ್ ಎಂಬ ಉಗ್ರ ಹೆಸರು ಇದ್ದರೂ ಇದು ಬಹಳ ಅಹಿಂಸಾತ್ಮಕವಾದ ಆಯುಧ. ಆಡುವವನ ಬಾಯಿ ಕಟ್ಟುವುದಿಲ್ಲ. ಕೇಳುವವನು ತನ್ನ ಕದ ಮುಚ್ಚಿಕೊಳ್ಳುತ್ತಾನೆ, ಅಷ್ಟೆ. ರೇಡಿಯೋ ಬೇಡವಾದಾಗ ಗುಂಡಿ ತಿರುಗಿಸಿದಂತೆ. ಕೇಳುವವರಿಲ್ಲದ ಕೂಗು ಕ್ರಮೇಣ ತಾನಾಗಿ ಅಡಗುತ್ತದೆಂಬುದು ಅದರ ಹಿಂದಿನ ನಂಬಿಕೆ.

ನಿಯಮವನ್ನು ಯಂತ್ರದ ಕೈಗೆ ಕೊಟ್ಟಾಗ ಏನಾಯಿತೆಂಬುದನ್ನೂ ಹೇಳಬೇಕು. ಕೆಲವರು ಇತರರ ನೂರು ಸಾಲಿನ ಬರಹವನ್ನು ಪೂರ್ತಿಯಾಗಿ ಉದ್ಧರಿಸಿ, ಕೊನೆಗೆ ಹೌದೆಂದೋ ಅಲ್ಲವೆಂದೋ ಒಂದು ಪದ ಸೇರಿಸಿ ಕಳುಹಿಸುತ್ತಿದ್ದರು. ಇದನ್ನು ತಡೆಯಲು, ಉದ್ಧರಿಸಿದ ಸಾಲುಗಳು ಹೊಸ ಸಾಲುಗಳಿಗಿಂತ ಹೆಚ್ಚಾಗಿದ್ದರೆ ಬರಹವನ್ನು ಸ್ವೀಕರಿಸದಂತೆ ಪ್ರೋಗ್ರಾಮನ್ನು ತಿದ್ದಿದರು. ಜಾಣರು ಏನು ಮಾಡಿದರು? ಉದ್ಧರಣೆಯನ್ನು ಕಡಿಮೆ ಮಾಡಲಿಲ್ಲ. ಲೆಕ್ಕ ಸರಿಹೋಗಲೆಂದು ಕೊನೆಯಲ್ಲಿ ಅರ್ಥವಿಲ್ಲದ ಸಾಲುಗಳನ್ನು ತುಂಬಿಸಿದರು. ಪ್ರಬಂಧ ಮೂರು ಪುಟವಿರಬೇಕೆಂದು ಹೇಳಿದರೆ ಅಕ್ಷರವನ್ನು ದಪ್ಪ ಮಾಡಿ ಬರೆಯುವ ಹುಡುಗರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಜೊಳ್ಳನ್ನು ತಡೆಯಬೇಕೆಂದು ಮಾಡಿದ ನಿಯಮವೇ ಹೊಸ ಜೊಳ್ಳನ್ನು ಹುಟ್ಟಿಸಿತು.

ಕೆಲವು ಗುಂಪುಗಳಲ್ಲಿ ನಿಯಾಮಕರನ್ನು ನೇಮಿಸುವ ಪದ್ಧತಿಯೂ 1980ರ ದಶಕದ ನಡುವೆ ಬಂದಿತು. ಬರಹ ಮೊದಲು ನಿಯಾಮಕರಿಗೆ ಹೋಗಬೇಕು. ಅವರು ಒಪ್ಪಿದರೆ ಪ್ರಕಟಣೆ. ಇಂಥ ಗುಂಪುಗಳಲ್ಲಿ ಮಾತು ಸ್ವಚ್ಛವಾಯಿತು, ಆದರೆ ನಿಧಾನವಾಯಿತು. ನಿಯಾಮಕರು ದಣಿದರೆ ಗುಂಪೇ ಮಲಗಿತು. ಅಷ್ಟೇ ಅಲ್ಲ, ಒಂದು ಹೊಸ ಕಲಹಕ್ಕೂ ದಾರಿಯಾಯಿತು. ದೊಡ್ಡ ದೊಡ್ಡ ಯಂತ್ರಗಳನ್ನು ನಡೆಸುತ್ತಿದ್ದ ಕೆಲವರು 1986-87ರಲ್ಲಿ ಎಲ್ಲ ಗುಂಪುಗಳಿಗೂ ಹೊಸ ಹೆಸರಿಟ್ಟು ಏಳು ವರ್ಗಗಳಾಗಿ ವಿಂಗಡಿಸಿದರು. ಯಾವ ಗುಂಪು ಇರಬೇಕು, ಯಾವುದು ಬೇಡ ಎಂಬ ತೀರ್ಮಾನ ಅವರ ಕೈಗೆ ಹೋಯಿತು. ಬ್ರಯನ್ ರೀಡ್ ಎಂಬವರು ಪಾಕವಿಧಾನಗಳ ಒಂದು ಗುಂಪನ್ನು ನೋಡಿಕೊಳ್ಳುತ್ತಿದ್ದರು. ಅದಕ್ಕೆ ಇಟ್ಟ ಹೆಸರು ಅವರಿಗೆ ಹಿಡಿಸಲಿಲ್ಲ. ಜಾನ್ ಗಿಲ್ಮೋರ್ ಎಂಬವರು ಕೇಳಿದ ಒಂದು ಗುಂಪಿಗೆ ಅನುಮತಿಯೇ ಸಿಗಲಿಲ್ಲ. 1987ರ ಮೇ ತಿಂಗಳಲ್ಲಿ ಇವರಿಬ್ಬರೂ ಗಾರ್ಡನ್ ಮಾಫೆಟ್ ಎಂಬ ಮೂರನೆಯವರೂ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಪಟ್ಟಣದ ಒಂದು ಉಪಾಹಾರ ಮಂದಿರದಲ್ಲಿ ಸೇರಿ, ದೊಡ್ಡವರ ಯಂತ್ರಗಳನ್ನು ಬಳಸದೆ ತಮ್ಮಲ್ಲೇ ಹರಿಯುವ ಬೇರೊಂದು ಕವಲನ್ನು ತೆಗೆದರು. ಆಲ್ಟ್ ಎಂಬ ಹೆಸರಿನ ಆ ಕವಲು ಕೆಲವು ವರ್ಷಗಳಲ್ಲಿ ಮೂಲ ಹೊಳೆಯನ್ನೂ ಮೀರಿಸಿ ಬೆಳೆಯಿತು. ಒಡೆಯನಿಲ್ಲದ ಕಟ್ಟೆಯಲ್ಲಿ ಒಬ್ಬರು ಜೊಳ್ಳೆಂದು ಆಚೆಗೆ ಎಸೆದದ್ದನ್ನು ಇನ್ನೊಬ್ಬರು ಕಾಳೆಂದು ಆಯ್ದುಕೊಳ್ಳಬಹುದು. ಈ ಸ್ವಾತಂತ್ರ್ಯವೇ ಇಲ್ಲವಾದರೆ ಕೇರುವವರ ಕೈಯಲ್ಲಿರುವ ಮೊರ ದೊಣ್ಣೆಯಾಗುತ್ತದೆ.

ಈಗ ಸೆಪ್ಟೆಂಬರಿನ ಕಥೆಗೆ ಬರೋಣ. ನಮ್ಮಲ್ಲಿ ಶಾಲೆಗೆ ಜೂನ್ ಹೇಗೋ ಅಮೆರಿಕದ ಕಾಲೇಜುಗಳಿಗೆ ಸೆಪ್ಟೆಂಬರ್ ಹಾಗೆ. ಪ್ರತಿ ವರ್ಷ ಆ ತಿಂಗಳಲ್ಲಿ ಹೊಸ ವಿದ್ಯಾರ್ಥಿಗಳು ಕಾಲೇಜಿಗೆ ಸೇರಿ, ಯೂಸ್‌ನೆಟ್ಟಿನ ಕಟ್ಟೆಗೂ ಬಂದು ಕೂರುತ್ತಿದ್ದರು. ಕೆಲವು ವಾರ ಗದ್ದಲ. ಕೇಳಿದ್ದೇ ಪ್ರಶ್ನೆ, ಆಡಿದ್ದೇ ಮಾತು. ಹಳಬರು ಗೊಣಗುತ್ತಲೇ ಬಾಲಬೋಧೆಯನ್ನು ಕೈಗಿಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ನಮ್ಮ ಹೊಸ ತರಗತಿ ಹೇಗೆ ಹದಕ್ಕೆ ಬರುತ್ತದೆಯೋ ಹಾಗೆ ಅವರೂ ಹದಕ್ಕೆ ಬರುತ್ತಿದ್ದರು. ನಲವತ್ತು ಮಕ್ಕಳ ತರಗತಿಗೆ ನಡುವೆ ಇಬ್ಬರು ಹೊಸಬರು ಸೇರಿದರೆ ಅವರು ಉಳಿದವರನ್ನು ನೋಡಿಯೇ ಕಲಿಯುತ್ತಾರೆ. ಉಪಾಧ್ಯಾಯರು ಹೇಳಬೇಕಾದ್ದು ಕಡಿಮೆ. ಇಬ್ಬರು ಹಳಬರ ನಡುವೆ ನಲವತ್ತು ಹೊಸಬರು ಬಂದರೆ, ಕಲಿಯುವವರು ಆ ಇಬ್ಬರೇ.

1993ರಿಂದಾಚೆಗೆ ಆದದ್ದು ಇದೇ. ಹಣ ಕೊಟ್ಟವರಿಗೆಲ್ಲ ಸಂಪರ್ಕ ಕೊಡುವ ಕಂಪನಿಗಳು ಯೂಸ್‌ನೆಟ್ಟಿನ ಬಾಗಿಲನ್ನು ತಮ್ಮ ಗ್ರಾಹಕರಿಗೆ ತೆರೆದವು. 1994ರ ಮಾರ್ಚಿಯಲ್ಲಿ ಅಮೆರಿಕ ಆನ್‌ಲೈನ್ ಎಂಬ ಭಾರಿ ಕಂಪನಿಯೂ ತೆರೆಯಿತು. ಜನ ತಿಂಗಳಿಗೊಮ್ಮೆ ಅಲ್ಲ, ದಿನದಿನವೂ ಬಂದು ಸೇರಿದರು. ಅವರು ಕೆಟ್ಟವರಾಗಿರಲಿಲ್ಲ, ಅವರಿಗೆ ಹೇಳಿಕೊಡುವವರು ಸಾಲದೆ ಹೋದರು. 1993ರ ಸೆಪ್ಟೆಂಬರ್ ಇನ್ನೂ ಮುಗಿದೇ ಇಲ್ಲವೆಂದು ಮರುವರ್ಷದ ಜನವರಿಯಲ್ಲಿ ಒಬ್ಬರು ಬರೆದ ಹಾಸ್ಯ ಆ ಕಾಲಕ್ಕೆ ಹೆಸರಾಗಿಯೇ ನಿಂತಿತು. ಅದನ್ನು ಈಗಲೂ ಮುಗಿಯದ ಸೆಪ್ಟೆಂಬರ್ ಎಂದೇ ಕರೆಯುತ್ತಾರೆ.

ನಮ್ಮವರೂ ಆ ಕಟ್ಟೆಯಲ್ಲಿದ್ದರು. 1990ರ ದಶಕದಲ್ಲಿ ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ ಎಂಬ ಹೆಸರಿನ ಗುಂಪಿತ್ತು. ಹೊರದೇಶದಲ್ಲಿ ಓದುತ್ತಲೋ ಕೆಲಸ ಮಾಡುತ್ತಲೋ ಇದ್ದ ಕನ್ನಡಿಗರಿಗೆ ಅದು ತವರಿನ ಜಗಲಿ. ಕನ್ನಡ ಲಿಪಿ ಆ ಜಾಲದಲ್ಲಿ ಇನ್ನೂ ಬಳಕೆಗೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡವನ್ನು ಕಟ್ಟಿ ಬರೆಯಬೇಕಾಗಿತ್ತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ಟು ದೊರೆತದ್ದು 1995ರ ಆಗಸ್ಟ್ 15ರಂದು. ಆ ವೇಳೆಗೆ ಹೊಳೆಯ ಮೇಲ್ಗಡೆ ನೀರು ಕಲಕಿಯಾಗಿತ್ತು. ದೊಡ್ಡ ಗುಂಪಿನಲ್ಲಿ ಹತ್ತು ಜೊಳ್ಳು ಬಿದ್ದರೆ ಕಾಣದು. ದಿನಕ್ಕೆ ನಾಲ್ಕಾರು ಬರಹಗಳ ಸಣ್ಣ ಗುಂಪಿನಲ್ಲಿ ಆ ಹತ್ತೇ ಮುಳುಗಿಸಿಬಿಡುತ್ತವೆ.

ನೀರನ್ನು ಕಲಕಿದವರಲ್ಲಿ ಹೆಸರುವಾಸಿಯಾದವರು ಅರಿಜೋನಾ ಸಂಸ್ಥಾನದ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್ ಎಂಬ ವಕೀಲ ದಂಪತಿಗಳು. ಅಮೆರಿಕದಲ್ಲಿ ನೆಲೆಸಲು ಬೇಕಾದ ಹಸಿರು ಚೀಟಿಯ ಲಾಟರಿಗೆ ಅರ್ಜಿ ಹಾಕಿಕೊಡುವುದಾಗಿ 1994ರ ಏಪ್ರಿಲ್ 12ರಂದು ಅವರು ಒಂದು ಜಾಹೀರಾತನ್ನು 5,000ಕ್ಕೂ ಹೆಚ್ಚು ಗುಂಪುಗಳಿಗೆ ಕಳುಹಿಸಿದರು. ಗಣಿತದವರಿಗೂ ಅದೇ, ಚದುರಂಗದವರಿಗೂ ಅದೇ. ಒಂದೇ ಬರಹವನ್ನು ಹಲವು ಗುಂಪುಗಳಿಗೆ ಒಂದೇ ಪ್ರತಿಯಾಗಿ ಹಾಕುವ ಅನುಕೂಲ ಆ ಜಾಲದಲ್ಲಿತ್ತು. ಹಾಗೆ ಹಾಕಿದ್ದರೆ ಓದುಗನಿಗೆ ಒಮ್ಮೆ ಮಾತ್ರ ಕಾಣುತ್ತಿತ್ತು. ಇವರು ಗುಂಪಿಗೊಂದು ಪ್ರತಿ ಬೇರೆ ಬೇರೆಯಾಗಿ ಹಾಕಿದ್ದರಿಂದ ಹೋದಲ್ಲೆಲ್ಲ ಅದೇ ಎದುರಾಯಿತು. ಸಿಟ್ಟಾದ ಜನ ಕಳುಹಿಸಿದ ದೂರುಗಳ ಭಾರಕ್ಕೆ ಅವರ ಸಂಪರ್ಕ ಕಂಪನಿಯ ಯಂತ್ರವೇ ಕುಸಿಯಿತು. ಕಂಪನಿ ಅವರ ಖಾತೆಯನ್ನು ಮುಚ್ಚಿತು. ದಂಪತಿಗಳು ಮಾತ್ರ ಪಶ್ಚಾತ್ತಾಪ ಪಡಲಿಲ್ಲ. ಹೀಗೆ ಜಾಹೀರಾತು ಮಾಡುವುದು ಹೇಗೆಂದು ಪುಸ್ತಕವನ್ನೇ ಬರೆದರು.

ಇಂಥ ಬರಹಗಳಿಗೆ ಸ್ಪ್ಯಾಮ್ ಎಂಬ ಹೆಸರು ಅಂಟಿದ ಬಗೆ ವಿನೋದವಾಗಿದೆ. ಅದು ಮೂಲತಃ ಡಬ್ಬಿಯಲ್ಲಿಟ್ಟು ಮಾರುವ ಒಂದು ಬಗೆಯ ಮಾಂಸದ ಹೆಸರು. 1970ರಲ್ಲಿ ಇಂಗ್ಲೆಂಡಿನ ಟೆಲಿವಿಷನ್ನಿನಲ್ಲಿ ಬಂದ ಒಂದು ಪ್ರಹಸನದಲ್ಲಿ, ಹೋಟೆಲಿನಲ್ಲಿ ಏನು ಕೇಳಿದರೂ ಆ ಮಾಂಸವೇ ಬರುತ್ತದೆ, ಆ ಹೆಸರಿನ ಕೂಗಿನಲ್ಲಿ ಉಳಿದ ಮಾತು ಕೇಳಿಸುವುದೇ ಇಲ್ಲ. 1993ರ ಮಾರ್ಚಿ ಕೊನೆಯಲ್ಲಿ ರಿಚರ್ಡ್ ಡಿಪ್ಯೂ ಎಂಬವರು ಅನುಚಿತ ಬರಹಗಳನ್ನು ತಾನಾಗಿ ತೆಗೆದುಹಾಕುವ ಒಂದು ಪ್ರೋಗ್ರಾಮನ್ನು ಮಾಡಿ ಬಿಟ್ಟರು. ಅದರಲ್ಲಿ ಒಂದು ಲೋಪವಿತ್ತು. ಅದು ತನ್ನ ಪ್ರಕಟಣೆಗೇ ಮತ್ತೆ ಮತ್ತೆ ಪ್ರಕಟಣೆ ಹೊರಡಿಸುತ್ತ ಒಂದು ಗುಂಪಿನಲ್ಲಿ ಸುಮಾರು 200 ಬರಹಗಳನ್ನು ಸುರಿಯಿತು. ಯೂಸ್‌ನೆಟ್ಟಿನಲ್ಲಿ ಸ್ಪ್ಯಾಮ್ ಎಂಬ ಮಾತು ರೂಢಿಗೆ ಬರಲು ಆ ಘಟನೆಯೇ ಒಂದು ಕಾರಣ. ಹೊಲ ಕಾಯಲು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದಿತು.

ವಕೀಲ ದಂಪತಿಗಳ ಪ್ರಕರಣವಾದ ಮೇಲೆ ಕಟ್ಟೆಯ ಹಿರಿಯರು ಕಠಿಣವಾದ ಒಂದು ಆಯುಧವನ್ನು ಕೈಗೆತ್ತಿಕೊಂಡರು. ತಾನು ಬರೆದದ್ದನ್ನು ತಾನೇ ಹಿಂದಕ್ಕೆ ಪಡೆಯಬೇಕೆನ್ನುವವನಿಗಾಗಿ ರದ್ದು ಸಂದೇಶವೆಂಬ ಏರ್ಪಾಡು ಮೊದಲಿನಿಂದ ಇತ್ತು. ಕಳುಹಿಸಿದವನು ನಿಜವಾಗಿ ಬರೆದವನೇ ಎಂದು ಯಂತ್ರಗಳು ಪರೀಕ್ಷಿಸುತ್ತಿರಲಿಲ್ಲ. ಇದನ್ನು ಬಳಸಿ ಕೆಲವರು ಸ್ಪ್ಯಾಮನ್ನು ಅಳಿಸಿಹಾಕತೊಡಗಿದರು. ಆದರೆ ಇತರರ ಬರಹವನ್ನು ಅಳಿಸುವ ಅಧಿಕಾರ ಎಂಥ ಅಪಾಯದ್ದೆಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡರು: ಬರಹದಲ್ಲಿ ಏನಿದೆಯೆಂದು ನೋಡಕೂಡದು, ಎಷ್ಟು ಬಾರಿ ಹಾಕಿದ್ದಾರೆಂದು ಮಾತ್ರ ಎಣಿಸತಕ್ಕದ್ದು.

ಆ ಎಣಿಕೆಗೆ ಸೆತ್ ಬ್ರೈಡ್‌ಬಾರ್ಟ್ ಎಂಬವರ ಹೆಸರಿನ ಒಂದು ಸೂತ್ರವಿದೆ. ಪ್ರತಿಯೊಂದು ಪ್ರತಿಯೂ ಎಷ್ಟು ಗುಂಪುಗಳಿಗೆ ಹೋಗಿದೆಯೋ ಆ ಸಂಖ್ಯೆಯ ವರ್ಗಮೂಲವನ್ನು ತೆಗೆದು, ಎಲ್ಲವನ್ನೂ ಕೂಡಿಸಬೇಕು. ಒಂದೇ ಪ್ರತಿಯನ್ನು 9 ಗುಂಪುಗಳಿಗೆ ಹಾಕಿದರೆ ಲೆಕ್ಕ 3. ಅದನ್ನೇ 9 ಗುಂಪುಗಳಿಗೆ ಬೇರೆ ಬೇರೆ ಪ್ರತಿಯಾಗಿ ಹಾಕಿದರೆ ಲೆಕ್ಕ 9. ಅಂದರೆ ಇತರರಿಗೆ ತೊಂದರೆ ಕಡಿಮೆ ಮಾಡಿದವನಿಗೆ ರಿಯಾಯಿತಿ, ಹೆಚ್ಚು ಮಾಡಿದವನಿಗೆ ಪೂರ್ತಿ ದಂಡ. 45 ದಿನಗಳಲ್ಲಿ ಈ ಮೊತ್ತ 20 ಆದರೆ ಬರಹ ರದ್ದಿಗೆ ಯೋಗ್ಯ. ದೇವರ ನಾಮವನ್ನೇ ಬರೆದಿದ್ದರೂ ಇದೇ ಲೆಕ್ಕ. ಬೈಗುಳವನ್ನೇ ಬರೆದಿದ್ದರೂ ಒಂದೇ ಬಾರಿ ಬರೆದಿದ್ದರೆ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಹೈಸ್ಕೂಲಿನ ಗಣಿತದಲ್ಲಿ ಇಷ್ಟು ನ್ಯಾಯಬುದ್ಧಿ ಅಡಗಿರಬಹುದೆಂದು ಎಷ್ಟು ಜನ ಎಣಿಸಿದ್ದಾರು?

ಈ ಕಟ್ಟನ್ನು ಮುರಿದಾಗ ಏನಾಗುತ್ತದೆಂಬುದೂ ಬೇಗನೆ ತಿಳಿಯಿತು. 1994-95ರಲ್ಲಿ ಒಂದು ಧಾರ್ಮಿಕ ಸಂಸ್ಥೆಯ ವಿಚಾರವಾಗಿ ಚರ್ಚೆ ನಡೆಯುತ್ತಿದ್ದ ಗುಂಪಿನಲ್ಲಿ ಟೀಕಾಕಾರರ ಬರಹಗಳು ಇದೇ ರದ್ದು ಸಂದೇಶದಿಂದ ಮಾಯವಾಗತೊಡಗಿದವು. 1996ರ ಸೆಪ್ಟೆಂಬರಿನಲ್ಲಿ ಯಾರೋ ಅಜ್ಞಾತರು ಬಿಟ್ಟ ಪ್ರೋಗ್ರಾಮೊಂದು ಯಹೂದಿಗಳು, ಮುಸಲ್ಮಾನರು, ಸ್ತ್ರೀವಾದಿಗಳು ಮೊದಲಾದವರ ಗುಂಪುಗಳಲ್ಲಿ ಸಾವಿರಾರು ಬರಹಗಳನ್ನು ಅಳಿಸಿಹಾಕಿತು. ಎಣಿಸುವವನ ಕೈಯಲ್ಲಿ ಪೊರಕೆಯಾಗಿದ್ದದ್ದು ದ್ವೇಷಿಸುವವನ ಕೈಯಲ್ಲಿ ಕತ್ತಿಯಾಯಿತು. ಆಗ ಎಷ್ಟೋ ಯಂತ್ರಗಳ ಪಾಲಕರು ರದ್ದು ಸಂದೇಶಗಳಿಗೆ ಕಿವಿಗೊಡುವುದನ್ನೇ ಬಿಟ್ಟರು.

ನೆರೆಹೊರೆಯವರಿಗೆ ಉಳಿದಿದ್ದ ಕೊನೆಯ ಅಸ್ತ್ರ ಬಹಿಷ್ಕಾರ. ಒಬ್ಬ ವ್ಯಕ್ತಿಗಲ್ಲ, ಅವನನ್ನು ತಡೆಯದ ಸಂಪರ್ಕ ಕಂಪನಿಗೇ ಬಹಿಷ್ಕಾರ. 1997ರ ಆಗಸ್ಟಿನಲ್ಲಿ ಯೂಯೂನೆಟ್ ಎಂಬ ಅಮೆರಿಕದ ದೊಡ್ಡ ಕಂಪನಿಯಿಂದ ಬಂದ ಯಾವ ಬರಹವನ್ನೂ ಸಾಗಿಸುವುದಿಲ್ಲವೆಂದು ಸಾರಿದರು. ಒಂದು ವಾರದೊಳಗೆ ಕಂಪನಿ ತನ್ನ ಮನೆಯನ್ನು ಶುಚಿಮಾಡಲು ಒಪ್ಪಿತು. ಬಹಿಷ್ಕಾರ ಹಿಂದಕ್ಕೆ ಹೋಯಿತು. ಆದರೆ ಆ ವಾರ ಏನೂ ಪಾಪ ಮಾಡದ ಆ ಕಂಪನಿಯ ಇತರ ಗ್ರಾಹಕರ ಬಾಯಿಯೂ ಕಟ್ಟಿತ್ತೆಂಬುದನ್ನು ಮರೆಯಬಾರದು.

ಮುಂದೆ ಜನ ಕ್ರಮೇಣ ಬೇರೆ ತಾಣಗಳಿಗೆ, ಕಂಪನಿಗಳ ಸ್ವತ್ತಾದ ತಾಣಗಳಿಗೆ ಎದ್ದುಹೋದರು. ಅಲ್ಲಿ ಬಾಗಿಲು ಕಾಯುವವರಿದ್ದರು. ಜೊತೆಗೆ ಒಡೆಯನ ಲಾಭವೂ ಇತ್ತು. ಯೂಸ್‌ನೆಟ್ಟು ಹುಟ್ಟಿದ ಡ್ಯೂಕ್ ವಿಶ್ವವಿದ್ಯಾನಿಲಯವೇ 2010ರ ಮೇ ತಿಂಗಳಲ್ಲಿ ತನ್ನ ಯಂತ್ರವನ್ನು ನಿಲ್ಲಿಸಿತು. 2024ರ ಫೆಬ್ರುವರಿಯಲ್ಲಿ ಗೂಗಲ್ ಕಂಪನಿಯೂ ತನ್ನ ಕಡೆಯ ಬಾಗಿಲನ್ನು ಮುಚ್ಚಿತು. ಕಟ್ಟೆ ಪೂರ್ತಿ ಹಾಳಾಗಿಲ್ಲ. ಕೆಲವರು ಇನ್ನೂ ಕುಳಿತಿದ್ದಾರೆ.

ಆ ಕಟ್ಟೆಯ ಮೊಮ್ಮಗುವೆನ್ನಬಹುದಾದದ್ದು ಮಾಸ್ಟೊಡಾನ್. ಜರ್ಮನಿಯ ಯೂಜೆನ್ ರೋಚ್ಕೊ ಎಂಬ ತರುಣ 2016ರ ಅಕ್ಟೋಬರಿನಲ್ಲಿ ಇದನ್ನು ಬಿಡುಗಡೆ ಮಾಡಿದರು. ಇಂಥ ಜಾಲಗಳು ಪರಸ್ಪರ ಮಾತಾಡಲು ಬೇಕಾದ ಸಾಮಾನ್ಯ ಭಾಷೆಗೆ 2018ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಇಲ್ಲಿಯೂ ಒಡೆಯನಿಲ್ಲ, ಸಾವಿರಾರು ಸರ್ವರುಗಳು. ಆದರೆ ಅಜ್ಜನಿಗೂ ಮೊಮ್ಮಗುವಿಗೂ ಒಂದು ವ್ಯತ್ಯಾಸವಿದೆ. ಯೂಸ್‌ನೆಟ್ಟಿನಲ್ಲಿ ಬೀದಿಯೆಲ್ಲ ಒಂದೇ. ಇಲ್ಲಿ ಪ್ರತಿ ಮನೆಗೂ ಜಗಲಿ ಬೇರೆ, ಮನೆಯ ನಿಯಮ ಬೇರೆ, ನಿಯಾಮಕರು ಬೇರೆ. ನೆರೆಮನೆಯಿಂದ ಜೊಳ್ಳು ಹಾರಿ ಬರುತ್ತಿದ್ದರೆ ನಿಯಾಮಕರು ಮೊದಲು ಕಿಟಕಿ ಮುಚ್ಚಬಹುದು: ಆ ಮನೆಯ ಮಾತು ಬೀದಿಗೆ ಕಾಣದು, ಬೇಕೆಂದು ಕೇಳುವವರಿಗೆ ಮಾತ್ರ ಕೇಳಿಸುತ್ತದೆ. ಸಾಲದಿದ್ದರೆ ಬಾಗಿಲನ್ನೇ ಮುಚ್ಚಬಹುದು. 2019ರ ಜುಲೈಯಲ್ಲಿ ದ್ವೇಷದ ಬರಹಗಳಿಗೆ ಕುಖ್ಯಾತವಾದ ಗ್ಯಾಬ್ ಎಂಬ ತಾಣ ಈ ಸಾಧನವನ್ನೇ ಬಳಸಿ ಊರೊಳಗೆ ಬಂದಾಗ ಬಹುಮಂದಿ ಹಾಗೆಯೇ ಮಾಡಿದರು. ಗ್ಯಾಬಿನ ಬಾಯಿಯನ್ನು ಯಾರೂ ಕಟ್ಟಲಿಲ್ಲ. ಅದರೊಡನೆ ಕೂಡಿ ಉಣ್ಣಲು ಒಪ್ಪಲಿಲ್ಲ.

ಇತರರ ಬರಹವನ್ನು ಉದ್ಧರಿಸಿ ಅಣಕಿಸುವ ಸೌಕರ್ಯವನ್ನು ರೋಚ್ಕೊ ಬೇಕೆಂದೇ ಬಿಟ್ಟಿದ್ದರು. ಅದು ಜನರನ್ನು ಜಗಳಕ್ಕೆಳೆಯುತ್ತದೆಂಬುದು ಅವರ ಅಭಿಪ್ರಾಯ. 2025ರಲ್ಲಿ ಅದನ್ನು ಸೇರಿಸಿದಾಗಲೂ, ತನ್ನ ಬರಹವನ್ನು ಯಾರು ಉದ್ಧರಿಸಬಹುದೆಂಬ ತೀರ್ಮಾನವನ್ನು ಬರೆದವರ ಕೈಗೇ ಕೊಟ್ಟರು. ನೂರು ಸಾಲು ಉದ್ಧರಿಸಿ ಒಂದು ಪದ ಸೇರಿಸಿದ ಹಿಂದಿನವರ ನೆನಪು ಇಲ್ಲಿ ಬಾರದಿರದು.

ಹೊಸ ಊರಿಗೂ ಸೆಪ್ಟೆಂಬರ್ ಬಂದಿತು. 2019ರ ನವೆಂಬರಿನಲ್ಲಿ ಟ್ವಿಟರಿನ ಮೇಲೆ ಬೇಸರಗೊಂಡ ಭಾರತೀಯರ ಒಂದು ತಂಡ ಬಂದು ಸೇರಿತು. 2022ರ ಅಕ್ಟೋಬರ್ ಕೊನೆಯಲ್ಲಿ ಟ್ವಿಟರು ಇಲಾನ್ ಮಸ್ಕರ ಕೈಸೇರಿದಾಗಲಂತೂ, ಸುಮಾರು 3 ಲಕ್ಷವಿದ್ದ ಮಾಸ್ಟೊಡಾನಿನ ತಿಂಗಳ ಬಳಕೆದಾರರು ಒಂದೆರಡು ತಿಂಗಳಲ್ಲಿ 25 ಲಕ್ಷವಾದರು. ಬಿಡುವಿನ ಹೊತ್ತಿನಲ್ಲಿ ಮನೆ ಕಾಯುತ್ತಿದ್ದ ನಿಯಾಮಕರು ಬಳಲಿದರು. ಮುಂದೆ ಬಂದವರಲ್ಲಿ ಬಹಳ ಜನ ಹಿಂದಿರುಗಿದರು. ಆದರೆ ಬಂದಾಗ ತೆರೆದ ಎಷ್ಟೋ ಸಣ್ಣ ಮನೆಗಳು ಯಜಮಾನರು ಮರೆತು ಹೋದ ಛತ್ರಗಳಂತೆ ಬಾಗಿಲು ತೆರೆದೇ ಉಳಿದವು. 2024ರ ಫೆಬ್ರುವರಿಯಲ್ಲಿ ಅಂಥ ಕಾವಲಿಲ್ಲದ ಮನೆಗಳೊಳಗೆ ನುಗ್ಗಿ, ಅಲ್ಲಿಂದ ಊರಿಗೆಲ್ಲ ಸ್ಪ್ಯಾಮಿನ ಮಳೆ ಸುರಿಸಿದರು. ಆ ತಿಂಗಳೇ ಸಾಧನವನ್ನು ತಿದ್ದಿದರು. ಒಂದು ವಾರ ನಿಯಾಮಕರು ಯಾರೂ ಮನೆಯ ಕಡೆ ಬಾರದಿದ್ದರೆ, ಹೊಸಬರು ನೇರವಾಗಿ ಒಳಬರುವ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಅನಂತರ ಬರುವವರು ಕೇಳಿ ಬರಬೇಕು. ಜನರನ್ನು ಬೇಡವೆನ್ನುವ ನಿಯಮವಲ್ಲ ಇದು. ಬಂದವರನ್ನು ವಿಚಾರಿಸಿಕೊಳ್ಳಲು ಮನೆಯಲ್ಲಿ ಯಾರಾದರೂ ಇರಬೇಕೆಂಬ ನಿಯಮ.

ಇದೆಲ್ಲ ದೂರದ ಊರುಗಳ ಸುದ್ದಿಯೆಂದು ನಾವು ಕೈಕಟ್ಟಿ ಕೂರುವಂತಿಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ತರುಣನನ್ನು ಮಕ್ಕಳ ಕಳ್ಳನೆಂಬ ಸುಳ್ಳು ವದಂತಿಯಿಂದ ಉದ್ರಿಕ್ತರಾದ ಜನ ಹೊಡೆದು ಕೊಂದರು. ಆ ವದಂತಿ ಫೋನಿನಿಂದ ಫೋನಿಗೆ ವಾಟ್ಸಾಪಿನಲ್ಲಿ ಹರಿದಿತ್ತು. ಅದು ಒಡೆಯನುಳ್ಳ ಜಾಲವೇ ಹೌದು. ಆದರೆ ಸಂದೇಶಗಳು ಗೋಪ್ಯವಾದುದರಿಂದ ಒಡೆಯನೂ ಒಳಗೇನಿದೆಯೆಂದು ಓದಲಾರ. ದೇಶದಲ್ಲಿ ಇಂಥ ಘಟನೆಗಳು ಮರುಕಳಿಸಿದಾಗ ಆ ತಿಂಗಳಲ್ಲೇ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚಿಗೆ ದಾಟಿಸದಂತೆ ಮಿತಿ ಹಾಕಿತು. 2020ರ ಏಪ್ರಿಲಿನಲ್ಲಿ, ಬಹಳ ಕೈದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆಂದು ಬಿಗಿಮಾಡಿತು. ಒಳಗೇನಿದೆಯೆಂದು ನೋಡದೆ ಎಷ್ಟು ಬಾರಿಯೆಂದು ಎಣಿಸಿದ ಹಳೆಯ ವರ್ಗಮೂಲದ ಲೆಕ್ಕವೇ ವೇಷ ಬದಲಿಸಿ ನಮ್ಮ ಮನೆಗೆ ಬಂದಿದೆ.

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆ ನಮ್ಮಲ್ಲಿ ಇದ್ದೇ ಇದೆ. ಆದರೆ ಈ ನಾಲ್ಕು ದಶಕಗಳ ಕಥೆಯಲ್ಲಿ ಬರಿಯ ಗಾದೆಯಿಂದಲೋ ಬರಿಯ ಯಂತ್ರದಿಂದಲೋ ಕಟ್ಟೆ ಶುಚಿಯಾಗಿ ಉಳಿದದ್ದು ಕಾಣುವುದಿಲ್ಲ. ಉಳಿದಷ್ಟು ಕಾಲ ಅದು ಉಳಿದದ್ದು, ಸಂಬಳವಿಲ್ಲದೆ ತಿಂಗಳು ತಿಂಗಳೂ ಅದೇ ಪ್ರಶ್ನೋತ್ತರಗಳನ್ನು ಮತ್ತೆ ಬರೆದು ಹಾಕಿದವರಿಂದ. ಅಳಿಸುವ ಶಕ್ತಿ ಕೈಯಲ್ಲಿದ್ದರೂ ಎಣಿಕೆಯ ಗೆರೆ ದಾಟದವರಿಂದ. ಕಾಯಲಾಗದಷ್ಟು ದೊಡ್ಡ ಬಾಗಿಲನ್ನು ಇಡದವರಿಂದ. ಇಂದು ನಮ್ಮ ಮನೆಮಂದಿಯ, ಬೀದಿಯ, ಹಳೆಯ ವಿದ್ಯಾರ್ಥಿಗಳ ಫೋನುಗುಂಪುಗಳಲ್ಲಿಯೂ ಅಂಥ ಒಬ್ಬಿಬ್ಬರು ಇರುತ್ತಾರೆ. ಬಂದ ಸುದ್ದಿ ನಿಜವೋ ಎಂದು ವಿಚಾರಿಸಿ, ಸುಳ್ಳಾದರೆ ಮನಸ್ಸು ನೋಯದಂತೆ ತಿಳಿಸಿ, ಎಲ್ಲರಿಂದಲೂ ತಲೆಹರಟೆಯೆನಿಸಿಕೊಳ್ಳುವವರು. ಅವರ ಮಾತು ಬಂದಾಗ ಹಿಂದಿನಿಂದ ಒಬ್ಬರಾದರೂ ಹೌದೆನ್ನುವುದು ಒಳ್ಳೆಯದು. ಅವರು ಬೇಸತ್ತು ಎದ್ದುಹೋದ ದಿನ ಕಟ್ಟೆ ಗಾಳಿಯ ಪಾಲು.